ನಮ್ಮ ಭಾವನ ಮರಳು ಗಾಡಿ

ನಮ್ಮ ಭಾವನನ್ನು ನಂಬಿ ನೀವು ಬೇಕಾದರೆ ನೀರಿಗೆ ಇಳಿಯಿರಿ, ಮರಳಿಗೆ ಮಾತ್ರ ಇಳಿಯಬೇಡಿ. ಇದೇನೂ ಹೊಟ್ಟೆಕಿಚ್ಚಿನ ಮಾತಲ್ಲ. ಅವರ ಜೊತೆ ಇಳಿದು, ಕಿವಿ, ಮೂಗು, ಜೇಬು, ಕೊನೆಗೆ ಊಟದ ಡಬ್ಬಿಯ ತುಂಬಾ ಮರಳು ತುಂಬಿಸಿಕೊಂಡು ಮನೆಗೆ ಬಂದವನ ಮಾತು.

ಭಾವ ಅಂದರೆ ನಮ್ಮಕ್ಕನ ಯಜಮಾನರು. ತಿ. ನರಸೀಪುರ ತಾಲ್ಲೂಕು, ಮೂಗೂರಿನ ಪಕ್ಕದ ಒಂದು ಹಳ್ಳಿ. ನಾಲೆ ನೀರಿನ ಗದ್ದೆ, ಒಂದು ಟ್ರಾಕ್ಟರು, ಕೊಟ್ಟಿಗೆ ತುಂಬ ಹಸು. ಗದ್ದೆ ಭಾವನದು, ಹಸು ಅಕ್ಕನದು. ಕೆಸರುಗದ್ದೆಯಲ್ಲಿ ಟ್ರಾಕ್ಟರ್ ಓಡಿಸುವುದರಲ್ಲಿ ಭಾವನನ್ನು ಮೀರಿಸುವವರು ಆ ಕಡೆ ಯಾರೂ ಇಲ್ಲ. ಬೇರೆಯವರ ಗಾಡಿ ಹೂತುಕೊಂಡರೂ ಇವರನ್ನೇ ಕರೆಯುತ್ತಾರೆ. ಆದರೆ ಮನುಷ್ಯನಿಗೆ ಒಂದು ಚಾಳಿ. ಹಿಡಿದ ಕೆಲಸ ಯಾವುದನ್ನೂ ಮುಗಿಸುವವರಲ್ಲ. ಮಾಳಿಗೆ ಮೇಲೆ ರೂಮು ಕಟ್ಟಿಸುತ್ತೇನೆ ಅಂದರು, ಗೋಡೆ ಎದೆಮಟ್ಟಕ್ಕೆ ಬಂದು ನಿಂತುಹೋಯಿತು. ಈಗ ಅದರೊಳಗೆ ಅಕ್ಕ ಹಪ್ಪಳ ಒಣಗಿಸುತ್ತಾಳೆ. ಅಣಬೆ ಬೆಳೆಯುತ್ತೇನೆ ಅಂತ ಚೀಲ ಕಟ್ಟಿದರು, ಅಣಬೆ ತಲೆಯೆತ್ತುವ ಹೊತ್ತಿಗೆ ಇವರಿಗೆ ಜೇನಿನ ಮೇಲೆ ಮನಸ್ಸಾಗಿತ್ತು. ಊರಿನವರು 'ಅರ್ಧಣ್ಣ' ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಹಿಂದಿನಿಂದ ಅಲ್ಲ, ಎದುರಿಗೇ ಕರೆಯುತ್ತಾರೆ. ಇವರೂ "ಏನ್ಲಾ?" ಅಂತ ತಿರುಗಿ ನೋಡುತ್ತಾರೆ.

ಇಂಥ ಭಾವ ಒಂದು ಭಾನುವಾರ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಭಾನುವಾರ ಅಕ್ಕನ ಮನೆಯಲ್ಲಿ ಉಂಡು ಮಲಗಿ ಸಾಯಂಕಾಲದ ಬಸ್ಸಿಗೆ ವಾಪಸಾಗುವುದು ನನ್ನ ಪದ್ಧತಿ. ಮೊಬೈಲಿನಲ್ಲಿ ರಾಜಸ್ಥಾನದ ಮರುಭೂಮಿಯ ಯಾವುದೋ ರೇಸು. ಮೈಯೆಲ್ಲ ಬರೀ ಪೈಪು, ಬಾಗಿಲಿಲ್ಲ, ಗಾಜಿಲ್ಲ, ಅಂಥ ಗಾಡಿಗಳು ಮರಳು ದಿಬ್ಬ ಹಾರುತ್ತಿದ್ದವು.

"ನೋಡ್ಲಾ, ಎಲ್ಡೇ ಸೀಟು. ಒಬ್ರು ಓಡ್ಸಾದು, ಇನ್ನೊಬ್ರು ಪಕ್ಕ ಕುಂತು ದಾರಿ ಯೋಳಾದು. ನಾನೂ ಇಂಥದ್ದೊಂದ್ ಕಟ್ತೀನಿ. ಓಡ್ಸಾದು ನಾನು, ಪಕ್ದಲ್ಲಿ ನಿಮ್ಮಕ್ಕ. ಗೆಲ್ಲಾದೇನೂ ಬ್ಯಾಡ. ಈ ಗೆರೆಯಿಂದ ಆ ಗೆರೆಗಂಟ ಇಬ್ರೂ ಓಗಿ ಮುಗುಸ್ಬೇಕು, ಅಷ್ಟೆಯ."

ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: "ಹಸ ಯಾರ್ ಕರ್ದಾರು? ನಿಮ್ಮಜ್ಜಿ ಎದ್ ಬಂದಾಳಾ?"

ಹಸು ಕಟ್ಟಿದ ಮನೆಯ ಕಾನೂನು ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಹಾಲು ಕರೆಯಲೇಬೇಕು, ಡೈರಿಗೆ ಹಾಕಲೇಬೇಕು. ಅಕ್ಕನ ಹಸುಗಳಂತೂ ಬೇರೆ ಕೈ ಸೋಕಿದರೆ ಹಾಲು ಬಿಡದೆ ಮೇಲಕ್ಕೆ ಸೇದಿಕೊಳ್ಳುತ್ತವೆ. ಹಾಗಾಗಿ ಮದುವೆಯಾದಾಗಿನಿಂದ ಇವರಿಬ್ಬರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ತಂಗಿದವರಲ್ಲ. ನೆಂಟರ ಮದುವೆಗೂ ಪಾಳಿ. ಆರತಕ್ಷತೆಗೆ ಭಾವ, ಬೆಳಿಗ್ಗೆ ಹಾಲು ಕರೆದಿಟ್ಟು ಮುಹೂರ್ತಕ್ಕೆ ಅಕ್ಕ. ಇಬ್ಬರೂ ಜೊತೆಗೆ ನಿಂತಿರುವ ಫೋಟೊ ನಮ್ಮ ಬಳಗದ ಯಾವ ಮದುವೆ ಆಲ್ಬಮ್ಮಿನಲ್ಲೂ ಇಲ್ಲ, ಅವರದೇ ಮದುವೆಯದು ಬಿಟ್ಟು.

ಅಕ್ಕ ಬೈದಷ್ಟೂ ಭಾವನಿಗೆ ಹುರುಪು. ನರಸೀಪುರದ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿಕೊಂಡು ಬಂದರು. ಗುಜರಿಯಿಂದ ಒಂದು ಹಳೇ ವ್ಯಾನಿನ ಎಂಜಿನ್ನು ಬಂತು. ಕೊಟ್ಟಿಗೆಯ ಒಂದು ಮಗ್ಗುಲು ಗ್ಯಾರೇಜಾಯಿತು. ಗ್ರೈಂಡಿಂಗ್ ಮೆಷಿನ್ನಿನ ಸದ್ದಿಗೆ ಹಸುಗಳು ಹಾಲು ಕಮ್ಮಿ ಮಾಡಿದವು, ಅಕ್ಕ ಭಾವನಿಗೆ ಕಾಫಿ ಕಮ್ಮಿ ಮಾಡಿದಳು. ಸದ್ಯಕ್ಕಿರಲಿ ಅಂತ ಕೂರಿಸಿದ ಸೀಟೆರಡೂ ಗುಜರಿಗೆ ಬಿದ್ದ ಬಸ್ಸಿನವು. ಒಂದರ ಬೆನ್ನಿಗೆ 'ಮಹಿಳೆಯರಿಗೆ' ಅಂತ ಬರೆದದ್ದು ಹಾಗೇ ಇತ್ತು. ಆ ಸೀಟಿನಲ್ಲಿ ಮೊದಲು ಕೂತ ಮಹಿಳೆ ನಾನೇ. ಅಕ್ಕ ಒಪ್ಪುವ ತನಕ ಯಾರಾದರೂ ಬೇಕಲ್ಲ? "ನೀನು ಮ್ಯಾಪ್ ಪಾಠ ಮಾಡೋನು, ನಿಂಗಿಂತ ಬೇಕಾ?" ಅಂದರು ಭಾವ. ಥಾರ್ ಮರುಭೂಮಿಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೆ: ನಕ್ಷೆಯಲ್ಲಿ ಅದಕ್ಕೆ ಹಳದಿ ಬಣ್ಣ ಹಚ್ಚಬೇಕು.

ಗಾಡಿ ಪೂಜೆಯ ದಿನ ಊರೆಲ್ಲ ಸೇರಿತ್ತು. ಬೈದುಕೊಂಡಿದ್ದರೂ ಪೂಜೆ ವಿಷಯದಲ್ಲಿ ಅಕ್ಕ ಕೈ ಬಿಗಿ ಮಾಡುವವಳಲ್ಲ. ತೋಳು ಗಾತ್ರದ ಚೆಂಡುಹೂವಿನ ಹಾರ ಮಾಡಿ, ಎದ್ದು ಕಾಣಲಿ ಅಂತ ಗಾಡಿಯ ನೆತ್ತಿ ಮೇಲೆ ಚಾಚಿಕೊಂಡಿದ್ದ ಒಂದು ಕೊಳವೆಗೆ ಸುತ್ತಿದಳು. ಕುಂಬಳಕಾಯಿ ಒಡೆದಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಭಾವ ಎಂಜಿನ್ ಶುರು ಮಾಡಿ ಆಕ್ಸಿಲರೇಟರನ್ನು ಜೋರಾಗಿ ಒತ್ತಿದರು. ಆ ಕೊಳವೆ ಎಂಜಿನ್ನು ಉಸಿರೆಳೆಯುವ ಕೊಳವೆ ಅಂತ ಅಕ್ಕನಿಗೆ ಹೇಳಿದವರು ಯಾರು? ಹಾರ ಒಂದೇ ಗುಕ್ಕಿಗೆ ಒಳಗೆ ಹೋಯಿತು. ಗಾಡಿ ನಾಲ್ಕು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು. ಹೊಗೆ ಕೊಳವೆಯಲ್ಲಿ ಹಳದಿ ಎಸಳು ಉದುರಿತು ಅಂತ ಊರಿನವರು ಈಗಲೂ ಆಣೆ ಮಾಡಿ ಹೇಳುತ್ತಾರೆ. ಶುದ್ಧ ಸುಳ್ಳು. ಎಸಳೆಲ್ಲ ಒಳಗಿನ ಜಾಲರಿಗೇ ಅಂಟಿತ್ತು, ಕೂತು ಬಿಡಿಸಿದವನು ನಾನು.

ಆದರೆ ನಿಜವಾದ ತಪ್ಪು ಇನ್ನೂ ಕೆಳಗಿತ್ತು, ಚಕ್ರದಲ್ಲಿ. ಭಾವ ಹಾಕಿದ್ದು ಕಿರಿದಾದ, ಹಲ್ಲು ಹಲ್ಲಿನ ಚಕ್ರ. ಗದ್ದೆಯಲ್ಲಿ ಅದೇ ಸರಿ. ಕಿರಿದಾದ ಚಕ್ರ ಕೆಸರು ಸೀಳಿಕೊಂಡು ಇಳಿದು ಅಡಿಯ ಗಟ್ಟಿ ನೆಲ ಮುಟ್ಟುತ್ತದೆ. ಮುಟ್ಟಿದ ಮೇಲೆ ಇನ್ನಷ್ಟು ಒತ್ತಿದರೆ ಗಾಡಿ ಎದ್ದು ಬರುತ್ತದೆ. ಹೂತರೆ ಒತ್ತು, ಇನ್ನೂ ಹೂತರೆ ಇನ್ನೂ ಒತ್ತು. ಭಾವನ ಕಾಲಿಗೆ ಗೊತ್ತಿದ್ದ ವಿದ್ಯೆ ಅದೊಂದೇ. "ಕೆಸ್ರಾದ್ರೇನು, ಮಳ್ಳಾದ್ರೇನು, ಎಲ್ಡೂ ಮಣ್ಣೇ ತಾನೆ?" ಅಂದರು.

ಬೇಸಿಗೆಯಲ್ಲಿ ಹೊಳೆ ನೀರು ಇಳಿದು ದಡದಲ್ಲಿ ಮರಳು ಬಿಟ್ಟುಕೊಂಡಿತ್ತು. ಪರೀಕ್ಷೆ ಮಾಡುವ ಅಂತ ಬೆಳಗಾಗುತ್ತಲೇ ನಾವಿಬ್ಬರೂ ಗಾಡಿ ಇಳಿಸಿದೆವು. ಇಳಿದ ತಕ್ಷಣ ಹೂತುಕೊಂಡಿತು. ಭಾವ ಒತ್ತಿದರು. ಇನ್ನಷ್ಟು ಹೂತಿತು. ಇನ್ನಷ್ಟು ಒತ್ತಿದರು. ಮರಳಿನಡಿ ಗಟ್ಟಿ ನೆಲ ಇರುವುದೇ ಆದರೆ ಅದು ಪಾತಾಳದಲ್ಲಿರಬೇಕು. ನನ್ನ ಸೊಂಟ ನೆಲಕ್ಕೆ ಸಮವಾಗುವ ಹೊತ್ತಿಗೆ ದಡದ ಮೇಲಿಂದ ದೊಣ್ಣೆ ಹಿಡಿದ ಜನ ಇಳಿದು ಬಂದರು. ಪಕ್ಕದೂರಿನವರು.

"ಮಳ್ ಕದಿಯಕ್ ಬಂದಿದ್ದೀರಾ?" ಅಂದ ಮುಂದಿದ್ದವನು.

"ಸರ್ಯಾಗ್ ನೋಡಣ್ಣ, ಬರೀ ಪೈಪು. ಇದ್ರಲ್ ಎಲ್ ತುಂಬ್ಕೊಂಡ್ ಓಗನ?" ಅಂದರು ಭಾವ.

"ಮತ್ಯಾಕ್ ತೋಡ್ತಿದ್ದೀರಿ?"

"ತೋಡ್ತಿಲ್ಲ ಕಣಣ್ಣ, ಓಡುಸ್ತಾ ಇವ್ನಿ."

ಆ ಮನುಷ್ಯ ಗುಂಡಿ ನೋಡಿದ, ಗಾಡಿ ನೋಡಿದ, ಕೊನೆಗೆ ನನ್ನ ಸೀಟಿನ ಬೆನ್ನಿನ ಬರಹ ಓದಿದ. ದೊಣ್ಣೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಪಾಪ, ಒಳ್ಳೆಯವನು. ತನ್ನ ಜೋಡಿ ಎತ್ತು ತಂದು ಎಳೆಸಿಕೊಟ್ಟ. ಮರುಭೂಮಿಗೆ ಹೊರಟ ಗಾಡಿ ಎತ್ತಿನ ಹಿಂದೆ ದಡ ಹತ್ತಿತು.

ಅಲ್ಲಿಂದ ಭಾವ ಬುದ್ಧಿ ಕಲಿತರು. ಅಗಲ ಚಕ್ರ ಬಂತು. ಚಕ್ರದ ಗಾಳಿ ಇಳಿಸಿದರೆ ಅದು ಒಂಟೆಯ ಪಾದದ ಹಾಗೆ ಹರಡಿಕೊಂಡು ಮರಳಿನ ಮೇಲೇ ತೇಲುತ್ತದೆ, ಒತ್ತಬಾರದು, ಮೆಲ್ಲಗೆ ಬಿಡಬೇಕು. ಇದನ್ನೆಲ್ಲ ಸಾಯಂಕಾಲ ಅಕ್ಕ ಹಾಲು ಕರೆಯುವಾಗ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಭಾವ ದಿನಾ ಹೇಳುವರು. ಅಕ್ಕ "ಹ್ಞೂಂ" ಅನ್ನುವಳು. ಅದು ಭಾವನಿಗೆ ಅಂದದ್ದೋ ಹಸುವಿಗೆ ಅಂದದ್ದೋ ನನಗೆ ತಿಳಿಯುತ್ತಿರಲಿಲ್ಲ.

ರಾಜಸ್ಥಾನದ ಮೊದಲ ರೇಸಿಗೆ ಅಕ್ಕ ಬರಲಿಲ್ಲ. ನಾನೇ ರಜೆ ಹಾಕಿದೆ. ಗಾಡಿಯನ್ನು ಎಳನೀರಿನ ಲಾರಿಯ ಹಿಂಬದಿಗೆ ಏರಿಸಿ ಕಳಿಸಿ, ನಾವು ರೈಲಿನಲ್ಲಿ ಹೋದೆವು. ರೇಸಿನವರು ತಪಾಸಣೆ ಮಾಡಿ ಬಸ್ಸಿನ ಸೀಟು ಬಿಚ್ಚಿಸಿದರು, ಸರಿಯಾದ ಸೀಟು, ಎದೆಗೆ ಬೆಲ್ಟು, ಹೆಲ್ಮೆಟ್ಟು ಎಲ್ಲ ಹಾಕಿಸಿದರು. ಬಾವುಟ ಬೀಸಿದರು. ಎದುರಿಗೆ ಮೊದಲ ದಿಬ್ಬ. ಭಾವನ ತಲೆ ಎಲ್ಲ ಕಲಿತಿತ್ತು ನಿಜ, ಆದರೆ ಕಾಲು ಇನ್ನೂ ಮೂಗೂರಿನ ಗದ್ದೆಯಲ್ಲೇ ಇತ್ತು. ಚಕ್ರ ಸ್ವಲ್ಪ ಜಾರಿದ್ದೇ ತಡ, ಕಾಲು ಒತ್ತಿಬಿಟ್ಟಿತು. ಹೂತೆವು. ನಾನು ನಕ್ಷೆಯ ಮೊದಲ ಹಾಳೆಯನ್ನೂ ತಿರುವಿ ಹಾಕಿರಲಿಲ್ಲ. ಹಿಂದೆ ತಿರುಗಿದರೆ ಬಾವುಟ ಬೀಸಿದವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವನೂ ನಮ್ಮನ್ನೇ ನೋಡುತ್ತಿದ್ದ.

ವಾಪಸು ಬರುವ ರೈಲಿನಲ್ಲಿ ಭಾವ ಮಾತೇ ಆಡಲಿಲ್ಲ. ಬಾಯಿ ಮುಚ್ಚಿದರೆ ಸಾಕು ಅಂತ ನಾನು ಎಷ್ಟೋ ಸಲ ಅಂದುಕೊಂಡ ಮನುಷ್ಯ. ಮುಚ್ಚಿದ ಮೇಲೆ ನೋಡಲಾಗಲಿಲ್ಲ. ಈ ಸಲ ಅರ್ಧವೂ ಆಗಲಿಲ್ಲ ಅಂತ ಊರಿನವರು 'ಕಾಲಣ್ಣ' ಅಂತ ಹೆಸರು ತಿದ್ದಿಕೊಂಡರು. ಅದಕ್ಕೆ ಮಾತ್ರ ಭಾವ ತಿರುಗಿ ನೋಡಲಿಲ್ಲ. ಗಾಡಿಯನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸಿದರು. ಅದರ ಮೇಲೆ ಒಣಹುಲ್ಲು ಒಟ್ಟಿದರು. ಮಾಳಿಗೆ ರೂಮು, ಅಣಬೆ, ಜೇನು, ಈಗ ಇದು. ಮುಗಿಯಿತು ಕಥೆ ಅಂತ ನಾನೂ ಅಂದುಕೊಂಡೆ.

ಒಂದು ಭಾನುವಾರ ಹೋದಾಗ ನೋಡಿದರೆ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಲ್ಲನ್ನೆಲ್ಲ ಎಳೆದೆಳೆದು ಬಿಸಾಕುತ್ತಿದ್ದಾಳೆ. ಭಾವ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ.

"ನನ್ ಸೀಟ್ ಮೇಲೆ ಹುಲ್ ಒಟ್ಟಿದ್ದೀರಲ್ರೀ, ಏನ್ ಬುದ್ಧಿ ನಿಮ್ದು?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಲೋ, ಚೊಂಬ್ ತಗೋ. ಹಾಲ್ ಕರಿಯಾದ್ ಕಲೀ" ಅಂದಳು.

ತರಗತಿ ತುಂಬ ಹೈಸ್ಕೂಲು ಮಕ್ಕಳನ್ನು ಬರೀ ಕಣ್ಣಲ್ಲೇ ಕೂರಿಸುವ ಮೇಷ್ಟ್ರು ನಾನು. ಕೆಂದಿ ಅನ್ನುವ ಹಸು ನನ್ನನ್ನು ಬರೀ ಬಾಲದಲ್ಲೇ ಎಬ್ಬಿಸಿತು. ಎರಡನೇ ಸಲ ಕಾಲಲ್ಲಿ. ಕೊನೆಗೆ ಅಕ್ಕ ತನ್ನ ಹಳೇ ಸೀರೆಯನ್ನು ನನಗೆ ಹೊದಿಸಿ ಕೂರಿಸಿದಳು, ವಾಸನೆ ಹಿಡಿದು ತನ್ನನ್ನೇ ಅಂದುಕೊಳ್ಳಲಿ ಅಂತ. ಕೆಂದಿ ಮೂಸಿ ನೋಡಿ, ಏನೋ ಎಡವಟ್ಟಾಗಿದೆ ಅನ್ನುವ ಮುಖ ಮಾಡಿದರೂ ಹಾಲು ಕೊಟ್ಟಿತು. ಡೈರಿಯ ಸೆಕ್ರೆಟರಿ ಬಾಗಿಲಿಗೆ ಬಂದವನು ಹಿಂದಿನಿಂದ ನೋಡಿ "ಏನಕ್ಕಾ, ಊಟ ಆಯ್ತಾ?" ಅಂದ. "ಆಯ್ತು" ಅಂದೆ. ನನ್ನ ಮೀಸೆ ನೋಡಿ ಅವನು ನಿಂತ ಕಾಲಲ್ಲೇ ವಾಪಸು ಹೋದ.

ಮುಂದಿನ ರೇಸಿಗೆ ಇಬ್ಬರೂ ಹೊರಟರು. ಮೈಸೂರು ಸ್ಟೇಷನ್ನಿಗೆ ಬಿಡಲು ಹೋಗಿದ್ದೆ. ರೈಲು ಅಲುಗಾಡುವ ತನಕ ಅಕ್ಕ ಕಿಟಕಿಯಿಂದ ಹೇಳುತ್ತಲೇ ಇದ್ದಳು: ಕೆಂದಿಗೆ ಮೊದಲು ಹಿಂಡಿ, ಆಮೇಲೆ ನೀರು, ಕರುವನ್ನು ಬೇಗ ಬಿಡಬೇಡ. ಪಕ್ಕದಲ್ಲಿ ಭಾವ ಒಗೆದ ಬಿಳಿ ಶರ್ಟು ಹಾಕಿಕೊಂಡು ಮದುಮಗನ ಹಾಗೆ ನೆಟ್ಟಗೆ ಕೂತಿದ್ದರು.

ರೇಸಿನ ದಿನ ಕತ್ತಲಾದ ಮೇಲೆ ನಾನು ಕೊಟ್ಟಿಗೆಯಲ್ಲಿದ್ದೆ. ಫೋನು ಬಂತು. ಭಾವ.

"ಕೊನೇ ದಿಬ್ಬ ಕಣ್ಲಾ. ಇಳೀತಿದ್ದಂಗೇ ಊತ್ಕತು. ನನ್ ಕಾಲು ತಾನಾಗೇ ಒತ್ಬುಡ್ತು. ನಿಮ್ಮಕ್ಕ ನನ್ ಎಲ್ಮೆಟ್ ಮೇಲೆ ಪಟಾರ್ ಅಂತ ಒಂದ್ ಬುಟ್ಲು. ಇದು ಗದ್ದೆಯಲ್ಲ ಕಣ್ರೀ, ಕಾಲ್ ತೆಗೀರಿ ಅಂದ್ಲು."

ಅಷ್ಟರಲ್ಲಿ ರೇಸಿನವರ ಗಾಡಿ ಬಂದು, ಹೊತ್ತು ಮೀರಿದೆ, ಇದನ್ನು ಬಿಟ್ಟು ಹತ್ತಿಕೊಳ್ಳಿ ಅಂದರಂತೆ. ಭಾವ ಬೆಲ್ಟು ಬಿಚ್ಚಿ ಇಳಿದೂ ಆಗಿತ್ತಂತೆ. ಅಕ್ಕ ಕೇಳಲಿಲ್ಲ. ಅವರಿಗೆ ಕನ್ನಡ ಬಾರದು, ಇವಳಿಗೆ ಹಿಂದಿ ಬಾರದು. "ನೀವ್ ಓಗಿ, ನಾವ್ ಬತ್ತೀವಿ" ಅಂದವಳೇ ಕೂತು ಚಕ್ರದ ಗಾಳಿ ಇನ್ನಷ್ಟು ಇಳಿಸಿದಳು, ಬೊಗಸೆಯಲ್ಲಿ ಮರಳು ತೆಗೆದಳು. ಹಾಲು ಕರೆಯುವಾಗ ಇಷ್ಟು ದಿನ "ಹ್ಞೂಂ" ಅಂದದ್ದು ಹಸುವಿಗಲ್ಲ, ಭಾವನಿಗೇ ಅಂತ ನನಗೆ ಆಗ ಗೊತ್ತಾಯಿತು. ಗಾಡಿ ಮೆಲ್ಲಗೆ ಎದ್ದಿತು. ಕೊನೆಯ ಗೆರೆ ಮುಟ್ಟಿದಾಗ ಅಲ್ಲಿ ಬಾವುಟ ಸುತ್ತಿಟ್ಟಿದ್ದರು. ಒಬ್ಬ ಮಾತ್ರ ಹಗ್ಗ ಬಿಚ್ಚುತ್ತಿದ್ದನಂತೆ, ಅವನೂ ತಲೆಯೆತ್ತಲಿಲ್ಲವಂತೆ.

"ಲೆಕ್ಕಕ್ಕಿಲ್ಲ ಕಣ್ಲಾ" ಅಂದರು ಭಾವ.

"ಮುಟ್ಟಿದಿರಲ್ಲ ಭಾವ, ಬಿಡಿ" ಅಂದೆ.

ಆಮೇಲೆ ಅಂದರು: "ನಾನ್ ಎಂಜಿನ್ ಆಫ್ ಮಾಡ್ದೆ. ನಿಮ್ಮಕ್ಕ ಇಳೀನೇ ಇಲ್ಲ. ಸುಮ್ಕೆ ಮುಂದ್ಕೆ ನೋಡ್ತಾ ಕುಂತವ್ಳೆ. ಆ ಕಡೆ ಏನೂ ಇಲ್ಲ ಕಣ್ಲಾ, ಬರೀ ಮಳ್ಳು. ಆಮೇಲೆ, ಯಾಕ್ ನಿಲ್ಸುದ್ರಿ, ಇನ್ನೊಂದ್ ವಸಿ ದೂರ ಓಗನ ನಡೀರಿ ಅಂದ್ಲು. ಓಗೇಬುಟ್ಟೋ ಕಣ್ಲಾ. ಹೊತ್ ಮುಳುಗೋಗಂಟ ಇಬ್ರೂ ಓಯ್ತಾನೇ ಇದ್ದೋ."

ನನಗೆ ಅಳು ಬಂದುಬಿಟ್ಟಿತು. ನಂಜನಗೂಡು, ಮೈಸೂರು ಬಿಟ್ಟರೆ ನನ್ನಕ್ಕ ಕಂಡ ಊರೇ ಇಲ್ಲ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅವಳಿಗೂ ಹೋಗಬೇಕು ಅನ್ನಿಸುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಭಾವ ಯೋಚಿಸಿದ್ದರು.

ಅಕ್ಕ ಫೋನು ಕಿತ್ತುಕೊಂಡಳು. "ನಾಳೆ ಟ್ರೈನಿಗೇ ಹತ್ ಬುಡ್ತೀವಿ ಕಣೋ. ಪಾಪ, ನಿಂಗೆ ಕಷ್ಟ."

"ಏನವಸರ ಅಕ್ಕ? ಅಷ್ಟು ದೂರ ಹೋಗಿದ್ದೀರಿ, ಇಬ್ಬರೂ ಇದ್ದು, ನೋಡಿಕೊಂಡು ಬನ್ನಿ. ಇಲ್ಲಿ ನಾನಿದ್ದೀನಿ."

ನನ್ನನ್ನು ಎತ್ತಿ ಆಡಿಸಿದ ಅಕ್ಕ, ರಜೆ ಕೇಳುವ ಮಗುವಿನ ದನಿಯಲ್ಲಿ ನನ್ನನ್ನು ಕೇಳಿದಳು:

"ಎಷ್ಟ್ ದಿನ ಇರ್ಬೋದೋ?"