ಹೆಂಡತಿ ಫೋನ್ ಮಾಡಿದರೆ ಏರುವ ಮೀಟರು

ಹೆಂಡತಿ: ಅಂದ್ರೆ, ನಾನು ಫೋನ್ ಮಾಡಿದ್ರೆ ವಿಕಿರಣ ಬರುತ್ತೆ ಅಂತ ಇವರ ಹತ್ರ ಹೇಳಿದ್ದೀರಾ?

ಗಂಡ: ನಿನ್ನನ್ನ ಅಂದಿಲ್ಲ ಕಣೇ, ಫೋನನ್ನ ಅಂದೆ.

ಹೆಂಡತಿ: ಫೋನು ತಾನಾಗೇ ಹೊಡ್ಕೊಳ್ಳುತ್ತಾ? ಮಾಡೋಳು ನಾನು ತಾನೇ?

ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಎದುರಿಗೆ ಎಕ್ಸ್‌ರೇ ತೆಗೆಯುವವನು, ಪಕ್ಕದಲ್ಲಿ ಶಾಲೆಗೆ ರಜೆ ಹಾಕಿ ಬಂದ ಅವನ ಟೀಚರ್ ಹೆಂಡತಿ. ನಡುವೆ, ಮೇಜಿನ ಮೇಲೆ, ಬೆಂಕಿಪೊಟ್ಟಣದಷ್ಟು ದೊಡ್ಡ ಡೋಸಿಮೀಟರ್. ಕೆಲಸದವರ ಮೈಗೆ ವಿಕಿರಣ ಎಷ್ಟು ತಗುಲಿತೆಂದು ಅಂಕಿಯಲ್ಲಿ ತೋರಿಸುವ ಯಂತ್ರ ಅದು. ಈ ತಿಂಗಳು ಇವನ ಅಂಕಿ ಮಿತಿ ದಾಟಿತ್ತು. ಅದು ನಿಜವಾದರೆ ಇವನು ಎಕ್ಸ್‌ರೇ ಕೋಣೆ ಬಿಟ್ಟು ಉಗ್ರಾಣದಲ್ಲಿ ಬ್ಯಾಂಡೇಜ್ ಕಾಯುತ್ತ ಕೂರಬೇಕು. ಫೋನ್ ಪಕ್ಕದಲ್ಲಿದ್ದರೆ ಮೀಟರು ಸುಮ್ಮಸುಮ್ಮನೆ ಏರುತ್ತದೆ ಎಂಬುದು ಇವನ ವಾದ. ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡೇ ಅಧಿಕಾರಿ ಕೇಳುತ್ತಿದ್ದರು.

ಅಧಿಕಾರಿ: ಜಗಳ ಯಾಕಮ್ಮಾ, ನೋಡೇ ಬಿಡೋಣ. ಒಂದ್ಸಲ ಫೋನ್ ಮಾಡಿ.

ಗಂಡ ಫೋನನ್ನೂ ಮೀಟರನ್ನೂ ಒಂದೇ ಜೇಬಿಗೆ ಇಳಿಸಿದ. ಫೋನು ಬಡಿದುಕೊಂಡಿತು. ಅಂಕಿ ಮಿಸುಕಲಿಲ್ಲ.

ಹೆಂಡತಿ: ನೋಡಿದ್ರಾ ಸರ್? ನನ್ನದೇನೂ ತಪ್ಪಿಲ್ಲ.

ಅಧಿಕಾರಿ: ಹಾಗಾದ್ರೆ ಮೀಟರು ಸರಿಯಾಗೇ ಇದೆ. ನಾಳೆಯಿಂದ ಉಗ್ರಾಣ ಕಣಪ್ಪಾ.

ಗಂಡನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಗಂಡ: ಇಲ್ಲಿ ಸಿಗ್ನಲ್ ಚೆನ್ನಾಗಿದೆ ಸರ್. ನನ್ನ ಕೋಣೆ ಗೋಡೆಗೆಲ್ಲ ಸೀಸದ ತಗಡು. ಅಲ್ಲಿ ಸಿಗ್ನಲ್ ಹುಡುಕಿ ಫೋನು ಒದ್ದಾಡುತ್ತೆ, ಆಗ ಏರೋದು. ಅಲ್ಲೇ ನೋಡಿ. ನನಗೆ ಬೇರೆ ಕೆಲಸ ಬರಲ್ಲ ಸರ್.

ಇದನ್ನು ಕೇಳಿ ಹೆಂಡತಿಗೂ ಕರುಳು ಚುರಕ್ ಎಂದಿತು. ಪಾಪ, ನಿದ್ದೆಯಲ್ಲೂ ‘ಉಸಿರು ಬಿಗಿ ಹಿಡೀರಿ’ ಅಂತಾರೆ, ಆಮೇಲೆ ‘ಬಿಡಿ’ ಅನ್ನೋದನ್ನ ಮರೀತಾರೆ, ನಾನು ಹಿಡ್ಕೊಂಡೇ ಇರ್ತೀನಿ ಎಂದು ಅವಳು ಸಾಕ್ಷಿ ನುಡಿದಳು.

ಮೂವರೂ ಎಕ್ಸ್‌ರೇ ಕೋಣೆಗೆ ನಡೆದರು. ಅಧಿಕಾರಿ ತಮ್ಮ ಕೈಯಾರೆ ಎಕ್ಸ್‌ರೇ ಯಂತ್ರ ಆಫ್ ಮಾಡಿದರು. ಗಂಡ ಫೋನನ್ನೂ ಮೀಟರನ್ನೂ ಒಂದೇ ಕೈಯಲ್ಲಿ ಹಿಡಿದ. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತು ಫೋನ್ ಮಾಡಿದಳು. ಏನಾದರೂ ಮಾತಾಡು ಎಂದು ಅಧಿಕಾರಿ ಹೇಳಿದರೆ ಗಂಡನಿಗೆ ಮಾತೇ ಹೊಳೆಯಲಿಲ್ಲ. ಸಂಜೆಗೆ ಏನು ತರಕಾರಿ ತರಲಿ ಎಂದು ಅವಳೇ ಕೇಳಿದಳು. ಏನಾದರೂ ತಾ ಎಂದ. ಏನಾದರೂ ಎಂಬ ತರಕಾರಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದಳು. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು, ಜೊತೆಗೆ ಅಂಕಿಯೂ. ಎಕ್ಸ್‌ರೇ ಯಂತ್ರ ಸುಮ್ಮನೆ ಬಿದ್ದಿತ್ತು. ಮೀಟರು ಮಾತ್ರ ಏರುತ್ತಲೇ ಇತ್ತು. ಅಧಿಕಾರಿ ಕಣ್ಣು ಬಿಟ್ಟುಕೊಂಡು ನೋಡಿದರು.

ಅಧಿಕಾರಿ: ತಪ್ಪಾಯ್ತಪ್ಪಾ, ನಿನ್ನ ಮಾತೇ ನಿಜ. ಈ ಮೀಟರನ್ನ ನಂಬೋ ಹಾಗಿಲ್ಲ ಅಂತ ನಾನೇ ಬರೆದು ಕೊಡ್ತೀನಿ.

ಗಂಡನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯನ್ನು ಒಳಗೆ ಕರೆದು, ಎಲ್ಲ ನಿನ್ನಿಂದಲೇ ಎಂದು ಹೊಗಳಿದ. ಅವಳೂ ನಕ್ಕಳು. ಅಧಿಕಾರಿ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮೀಟರು ಹೊತ್ತಿನ ಸಮೇತ ಬರೆದಿಟ್ಟಿದ್ದ ಹಳೆಯ ಅಂಕಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದ ಮನುಷ್ಯ, ಬಾಯಿ ಸುಮ್ಮನಿರಬೇಕಲ್ಲ.

ಅಧಿಕಾರಿ: ಏರಿದ್ದೆಲ್ಲ ಮಧ್ಯಾಹ್ನವೇ. ಅದೂ ಗಂಟೆಗಟ್ಟಲೆ. ಅಷ್ಟು ಹೊತ್ತು ಏನಮ್ಮಾ ಮಾತಾಡ್ತೀರಿ?

ಹೆಂಡತಿ: ಮಧ್ಯಾಹ್ನಾನಾ? ಆಗ ನಾನು ಪಾಠ ಮಾಡ್ತಿರ್ತೀನಿ ಸರ್. ಫೋನು ಹೆಡ್‌ಮೇಡಂ ಬೀರುವಿನಲ್ಲಿರುತ್ತೆ.

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಹೆಂಡತಿ: ಬೆಳಿಗ್ಗೆ ನಾನು ಹಾಲು ಉಕ್ಕಿಸಿದ್ದು ಸಂಜೆಯೊಳಗೆ ನಿಮ್ಮಕ್ಕನಿಗೆ ಹೇಗೆ ಗೊತ್ತಾಗುತ್ತೆ ಅಂತ ಮದುವೆ ಆದಾಗಿಂದ ತಲೆ ಕೆಡಿಸ್ಕೊಂಡಿದ್ದೆ ರೀ.

ಗಂಡ ಅಧಿಕಾರಿಯ ಎರಡೂ ಕೈ ಹಿಡಿದುಕೊಂಡ.

ಗಂಡ: ಮೀಟರು ಸರಿಯಾಗೇ ಇದೆ ಸರ್. ಅಷ್ಟೂ ಎಕ್ಸ್‌ರೇನೇ. ಉಗ್ರಾಣದ ಬೀಗದಕೈ ಎಲ್ಲಿದೆ?