ಕಲ್ಲಿನ ಹೆಂಗಸರಿಗೆ ಕುಂಕುಮ

ನಮ್ಮ ದೊಡ್ಡಮ್ಮನ ಜೊತೆ ಬೇಲೂರು, ಹಳೇಬೀಡು ನೋಡಿ, ಮಾನ ಉಳಿಸಿಕೊಂಡು ಮನೆಗೆ ಬಂದವರು ಯಾರಾದರೂ ಇದ್ದರೆ ಅವರಿಗೆ ಸನ್ಮಾನ ಮಾಡಲು ನಾನು ಸಿದ್ಧ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ನನ್ನ ಖರ್ಚಿನಲ್ಲೇ!

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಇದ್ದರು. ಮೆಜೆಸ್ಟಿಕ್‌ನಿಂದ ಹೊರಡುವ ಪ್ರವಾಸದ ಬಸ್ಸುಗಳೆಲ್ಲ ಅವರಿಗೆ ಪರಿಚಯ. ಇತಿಹಾಸದ ಮೇಲಿನ ಪ್ರೀತಿಯೇ? ಎಲ್ಲಿಂದ ಬಂತು! ಅವರು ಹೋಗುತ್ತಿದ್ದುದು ಕಲ್ಲಿನ ಹೆಂಗಸರನ್ನು ವಿಚಾರಿಸಿಕೊಳ್ಳಲು. ಸೊಂಟದಲ್ಲಿ ಕುಂಕುಮದ ಭರಣಿ ಸಿಕ್ಕಿಸಿಕೊಂಡು, ಗೈಡು ರಾಜನ ವಂಶ ವಿವರಿಸುತ್ತಿರುವಾಗ ಮೆಲ್ಲಗೆ ಹಿಂದೆ ಸರಿದು, ಗೋಡೆಯ ನರ್ತಕಿಯರಿಗೆಲ್ಲ ಹಣೆಗಿಟ್ಟು ಬರುತ್ತಿದ್ದರು.

"ಮೈ ತುಂಬಾ ಒಡವೆ, ಹಣೆ ನೋಡಿದ್ರೆ ಖಾಲಿ. ನೋಡ್ಕೊಂಡು ಹಾಗೇ ಬರಕ್ಕಾಗತ್ತೇನೋ?" ಎಂದು ನನ್ನನ್ನೇ ಗದರುತ್ತಿದ್ದರು.

ಶ್ರೀರಂಗಪಟ್ಟಣದ ಅರಮನೆಯಲ್ಲಿ ಗೋಡೆಯ ತುಂಬ ಯುದ್ಧದ ಚಿತ್ರ. ಆನೆ, ಕುದುರೆ, ಫಿರಂಗಿ ಎಲ್ಲವನ್ನೂ ನೋಡಿ ಮುಗಿಸಿದ ದೊಡ್ಡಮ್ಮ ಗೈಡನ್ನು ಕೇಳಿದರು, "ಇಷ್ಟೊಂದು ಗಂಡಸರು ಹೊರಟಿದಾರಲ್ಲಪ್ಪ, ಆರತಿ ಎತ್ತಕ್ಕೆ ಒಬ್ಬಳೂ ಇಲ್ವಾ?" ಪಾಪ, ಅವನು ಪಾಠವನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಬೇಲೂರಿನಲ್ಲಿ ಕನ್ನಡಿ ಹಿಡಿದ ಸುಂದರಿಯೊಬ್ಬಳು ಇದ್ದಾಳಲ್ಲ, ಅವಳಿರುವುದು ಕೈಗೆಟುಕದ ಎತ್ತರದಲ್ಲಿ. "ಕನ್ನಡಿ ಹಿಡ್ಕೊಂಡು ಕಾಯ್ತಿದಾಳೆ, ಕುಂಕುಮ ಕೊಡೋರಿಲ್ಲ" ಎಂದು ಮರುಗಿದವರೇ ನೇರವಾಗಿ ಡ್ರೈವರ್ ಹತ್ತಿರ ಹೋದರು.

"ಟಾಪಿಗೆ ಹತ್ತೋ ಏಣಿ ಐದು ನಿಮಿಷ ಕೊಡಪ್ಪ."

"ಅಮ್ಮಾ, ಅದು ಬಸ್ಸಿಗೇ ವೆಲ್ಡ್ ಆಗಿದೆ."

"ಹಾಗಾದ್ರೆ ಬಸ್ಸನ್ನೇ ಸ್ವಲ್ಪ ಒಳಗೆ ತಗೊಂಡ್ಬಾ."

ಬಸ್ಸಿನವರೆಲ್ಲ ನಕ್ಕರು. ನಾನು ಬೇರೆ ಯಾರದೋ ಮನೆಯ ಹುಡುಗನಂತೆ ಕಿಟಕಿಯಾಚೆ ನೋಡುತ್ತ ಕುಳಿತೆ.

ಮದುವೆಯಾದ ಹೊಸದರಲ್ಲಿ, ಹೆಂಡತಿ ಮತ್ತು ಅವಳ ಅಪ್ಪ ಅಮ್ಮನ ಜೊತೆ ನಾನೂ ದೊಡ್ಡಮ್ಮನೂ ಮೆಟಾಡೋರ್ ವ್ಯಾನ್ ಮಾಡಿಕೊಂಡು ಹಳೇಬೀಡಿಗೆ ಹೊರಟೆವು. ಮಲ್ಲೇಶ್ವರದ ಆ ಜನ ಬಹಳ ಅಚ್ಚುಕಟ್ಟು, ಸದ್ದಾಗುವಂತೆ ಆಕಳಿಸುವುದೂ ಅವರಲ್ಲಿಲ್ಲ. ಅವರೆದುರು ಮರ್ಯಾದೆ ಉಳಿದರೆ ಸಾಕಿತ್ತು ನನಗೆ.

"ದೊಡ್ಡಮ್ಮ, ಇವತ್ತೊಂದಿನ ಬೇಡ" ಎಂದು ಬೇಡಿಕೊಂಡೆ.

"ಅಷ್ಟೂ ಗೊತ್ತಾಗಲ್ವೇನೋ ನಂಗೆ?" ಎಂದರು.

ಗುಡಿ ಅರ್ಧ ಸುತ್ತಿರಲಿಲ್ಲ, ಕಾವಲುಗಾರನ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ದೊಡ್ಡಮ್ಮನ ಬೆರಳು ಒಬ್ಬ ನರ್ತಕಿಯ ಹಣೆಯ ಮೇಲೆ! ಮಾವನವರು ನನ್ನ ಮುಖ ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ನನ್ನ ಹೆಂಡತಿ ಅವರ ಬಳಿ ಹೋಗಿ ಮುಖ ಮುಂದೆ ಮಾಡಿದಳು. "ದೊಡ್ಡಮ್ಮ, ನಂಗೂ ಇಡಿ."

ದೊಡ್ಡಮ್ಮ ಹಿಂದೆ ಸರಿದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬೇಡ ಕಣಮ್ಮ. ಹೊಸದಾಗಿ ಮದುವೆಯಾದವಳು, ನನ್ ಕೈಲಿ ಇಡಿಸ್ಕೋಬಾರ್ದು. ಇವರಾದ್ರೆ ಕಲ್ಲು, ಇವರಿಗೇನೂ ಆಗಲ್ಲ."

ನಮ್ಮ ಮನೆಯ ಪ್ರತಿ ಅರಿಶಿನ-ಕುಂಕುಮಕ್ಕೂ ತಟ್ಟೆ ಜೋಡಿಸುತ್ತಿದ್ದವರು ಅವರೇ. ಮುತ್ತೈದೆಯರು ಬರುವ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದವರೂ ಅವರೇ. ಹೊರಗೆ ಬನ್ನಿ ಎಂದು ನಾವು ಯಾರೂ ಕರೆದಿರಲಿಲ್ಲ. ನಾನು ಅಷ್ಟು ದಿನ ನಾಚಿದ್ದು ಯಾವುದಕ್ಕೆ?

ಹೆಂಡತಿ ಅವರ ಕೈ ಹಿಡಿದು ಹೊರಗೆಳೆದಳು. "ಬೇಗ ಇಡಿ, ಆ ಸೀಟಿಯವನು ಬರೋದ್ರೊಳಗೆ."

ದೊಡ್ಡಮ್ಮ ಅವಸರದಲ್ಲಿ ಇಡಹೋಗಿ ಅರ್ಧ ಕುಂಕುಮ ಅವಳ ಮೂಗಿನ ಮೇಲೆ ಬಿತ್ತು. ಅವಳ ತಾಯಿಯೂ ಮುಂಗೂದಲು ಸರಿಮಾಡಿಕೊಂಡು ಪಕ್ಕದಲ್ಲಿ ಬಂದು ನಿಂತರು.

ಏದುಸಿರು ಬಿಡುತ್ತ ಬಂದ ಕಾವಲುಗಾರ ಇದನ್ನು ನೋಡಿ ಸೀಟಿ ಜೇಬಿಗೆ ಹಾಕಿಕೊಂಡ. "ಕಲ್ಲಿಗೆ ಹಚ್ಬೇಡಿ ಅಂದಿದ್ದು ಅಮ್ಮಾ. ಮನುಷ್ಯರಿಗೆ ಎಷ್ಟ್ ಬೇಕಾದ್ರೂ ಹಚ್ಚಿ. ಯಾರು ಬೇಡ ಅಂತಾರೆ?"

ದೊಡ್ಡಮ್ಮ ನನ್ನ ಕಡೆ ನೋಡಿದರು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ತಗ್ಗಿದ ಹಣೆಯನ್ನೇ ಅವರ ಮುಂದೆ ಒಡ್ಡಿದೆ.