ಐಸ್ ಪ್ಲಾಂಟಿನ ರಾಕ್ ಬ್ಯಾಂಡು

ಕುಂದಾಪುರದ ಸಂತೆಗೆ ಹೋಗಲಿ, ಬೈಂದೂರಿನ ಬಸ್ಸು ಹತ್ತಲಿ, ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಹ್ವಾಯ್, ನಿಮ್ ಬ್ಯಾಂಡ್ ಎಂತಕ್ಕೆ ಒಡ್ದದ್ದ್?” ಮೈಯೆಲ್ಲ ಉರಿದು ಹೋಗುತ್ತದೆ. ನಾವು ನಾಲ್ಕು ಜನ. ಹಾಡುವವ, ಗಿಟಾರಿನವ, ಬೇಸ್ ಗಿಟಾರಿನವ, ಮತ್ತೆ ಡ್ರಮ್ಸ್ ಬಾರಿಸುವ ನಾನು. ಐದು ವರ್ಷ ಕುಂದಾಪ್ರ ಕನ್ನಡದಲ್ಲಿ ರಾಕ್ ಹಾಡಿದೆವು. ಆಗ ಒಬ್ಬರೂ ಹೇಗೆ ಕಟ್ಟಿದಿರಿ ಅಂತ ಕೇಳಲಿಲ್ಲ. ಒಡೆದ ಸುದ್ದಿ ಮಾತ್ರ ಎಲ್ಲರಿಗೂ ಬೇಕು. ಸರಿ, ಹೇಳುತ್ತೇನೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಿಷನ್

ನಾನು ಕೆಲಸ ಮಾಡುವುದು ಮೀನಿಗೆ ಐಸ್ ತಯಾರಿಸುವ ಪ್ಲಾಂಟಿನಲ್ಲಿ. ನಮ್ಮ ಪ್ರಾಕ್ಟೀಸೂ ಅಲ್ಲೇ. ಊರಿನಲ್ಲಿ ಬೇರೆ ಯಾರೂ ನಮ್ಮನ್ನು ಹತ್ತಿರ ಸೇರಿಸಲಿಲ್ಲ. ಇಲ್ಲಿ ಹೇಗೂ ಕಂಪ್ರೆಸರ್ ದಿನವಿಡೀ ಅರಚುತ್ತಿರುತ್ತದೆ.

ಬಂಗುಡೆ ಮೀನು ಸಿಗದ ದಿನದ ಬಗ್ಗೆ ನಾವು ಮಾಡಿದ ಮೊದಲ ಹಾಡು ಹುಟ್ಟಿದ್ದು ಅಲ್ಲಿಯೇ. ಮೂರು ತಿಂಗಳು ತಿಣುಕಿ ಅದಕ್ಕೊಂದು ಡ್ರಮ್ಸ್ ತುಣುಕು ಕಟ್ಟಿದ್ದೆ. ಅದು ಮೊದಲ ಸಲ ಸರಿಯಾಗಿ ಕೂತ ದಿನ ನನಗೆ ರೋಮಾಂಚನ. ಅಷ್ಟರಲ್ಲಿ ಐಸ್ ಒಯ್ಯಲು ಬಂದ ಬೋಟಿನವರೊಬ್ಬರು ಬಾಗಿಲಲ್ಲಿ ಇಣುಕಿ ಗಾಬರಿಯಿಂದ ಕೂಗಿದರು:

“ಹ್ವಾಯ್, ಮಿಷನ್ ಬಂದ್ ಮಾಡಿ! ಒಳ್ಗೆ ಎಂತದೋ ತುಂಡಾಯಿತ್ತ್!”

ಚೆಂಡೆಯವ

ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮದುವೆ ಮನೆಗಳಲ್ಲಿ ಅದೇ, ಬಸ್ಸುಗಳಲ್ಲಿ ಅದೇ. ಹುಡುಗರು ನಮ್ಮ ಹಾಗೆ ಕೂದಲು ಬಿಟ್ಟರು. ಬೈಂದೂರಿನ ಕ್ಷೌರದಂಗಡಿಯವರು ನನ್ನನ್ನು ದಾರಿಯಲ್ಲೇ ತಡೆದು ಬೈದರು.

ಬ್ರಹ್ಮಾವರದ ಕಡೆ ಒಂದು ದೊಡ್ಡ ಕಾರ್ಯಕ್ರಮ. ಹೋಗಿ ನೋಡಿದರೆ ನನ್ನ ಡ್ರಮ್ಸ್ ವೇದಿಕೆಯ ಒಂದು ಮೂಲೆಯಲ್ಲಿ, ಪರದೆಗೆ ಒತ್ತಿಕೊಂಡು ಕೂತಿದೆ. ಸಂಘಟಕರು ಜೀವಮಾನವೆಲ್ಲ ಯಕ್ಷಗಾನ ಆಡಿಸಿದವರು.

“ಚೆಂಡೆಯವ್ರ್ ಬದಿಯಂಗೇ ಇರ್ಕ್,” ಅಂದರು. “ಮಧ್ಯ ವೇಷ ಕುಣಿಯುಕೆ ಜಾಗ ಬೇಕಲೆ?”

“ನಮ್ ಬ್ಯಾಂಡಂಗೆ ವೇಷ ಇಲ್ಲ ಮಾರಾಯ್ರೆ!”

ಅವರು ನನ್ನ ಕೂದಲು, ಹರಿದ ಪ್ಯಾಂಟು, ಕಿವಿಯ ರಿಂಗು ಎಲ್ಲವನ್ನೂ ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು. “ಹಂಗಾರೆ ಇದೆಂತ?”

ಕೋಳಿ

ಒಡೆದದ್ದು ಒಂದು ಪೋಸ್ಟರಿನಿಂದ. ಹಾಡುವವನೇ ಮಾಡಿಸಿದ್ದ. ಅವನ ಮುಖ ಕಲ್ಲಂಗಡಿಯಷ್ಟು ದೊಡ್ಡದು. ಗಿಟಾರಿನವರಿಬ್ಬರು ಕೆಳಗೆ, ಅಂಚೆಚೀಟಿಯಷ್ಟು. ನಾನು ಇರಬೇಕಾದ ಜಾಗದಲ್ಲಿ ಒಂದು ಹುಂಜ! ಪ್ರಾಯೋಜಕರದ್ದು ಕೋಳಿ ಅಂಗಡಿಯಂತೆ.

ಫೋನ್ ಮಾಡಿ ಕೂಗಾಡಿದೆ. “ನನ್ ಮುಖ ಎಲ್ಲಿತ್ತಾ?”

“ಜಾಗ ಸಾಕಾಯ್ಲಿಲ್ಲ ಮಾರಾಯ. ಕೋಳಿ ತೆಗುಕಾತ್ತಾ? ನೀ ಎಂತ ಪ್ರಾಯೋಜಕನಾ?”

ಐದು ವರ್ಷ ಅವನು ಸಾಲು ಮರೆತಾಗಲೆಲ್ಲ ಡ್ರಮ್ಸ್ ಬಾರಿಸಿ ಮಾನ ಉಳಿಸಿದವನು ನಾನು. ಆ ದಿನ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ವಾಟ್ಸಾಪ್ ಗುಂಪಿನಿಂದ ಹೊರಗೆ ಹೋದ. ಆ ಪೋಸ್ಟರು ಮಾತ್ರ ಗೋಡೆಗಳ ಮೇಲೆ ಹಾಗೆಯೇ ಉಳಿಯಿತು. ಪ್ಲಾಂಟಿಗೆ ಬಂದವರೊಬ್ಬರು ಹೇಳಿದರು: “ನಿಮ್ ಫೋಟೋ ಮಾತ್ರ ಲಾಯ್ಕ್ ಬಂದಿತ್ತ್.”

ಹರಕೆ

ಆರು ತಿಂಗಳು ನಾನು ಡ್ರಮ್ಸ್ ಕೋಲು ಮುಟ್ಟಲಿಲ್ಲ. ಒಂದು ದಿನ ಹಾಡುವವನ ಅಮ್ಮ ಪ್ಲಾಂಟಿಗೆ ಬಂದರು. ಮೀನು ಮಾರುವವರು, ಐಸಿಗೆ ದಿನಾ ಬರುವವರೇ. ಆ ದಿನ ಬುಟ್ಟಿ ಇಳಿಸಿ ಕೂತೇಬಿಟ್ಟರು.

“ಮಗಾ, ನನ್ ಹರ್ಕಿ ಒಂದ್ ಬಾಕಿ ಇತ್ತ್. ನೀವ್ ನಾಲ್ಕೂ ಜನ ದೇವ್ರೆದ್ರು ಒಂದ್ ಸಲ ಬಾರ್ಸ್ಕ್.”

“ಎಂತಾ ಹರ್ಕಿ?”

“ಬ್ಯಾಂಡ್ ಒಡೀಲಿ ಅಂತ. ಇವ ದೋಣಿಗೂ ಹೋಪುದಿಲ್ಲ, ಮದ್ವಿಯೂ ಆಪುದಿಲ್ಲ. ಹೂವಿನ ಪೂಜೆ ಮಾಡಸ್ತೆ ಅಂದೆ, ಒಡೀಲಿಲ್ಲ. ಯಕ್ಷಗಾನ ಆಟ ಆಡಸ್ತೆ ಅಂದೆ, ಒಡೀಲಿಲ್ಲ. ದೇವ್ರಿಗೂ ನಿಮ್ ಗಲಾಟೆಯೇ ಇಷ್ಟ ಅಂತ ಗೊತ್ತಾಯ್ತ್. ಬ್ಯಾಂಡ್ ಒಡ್ದ್ರೆ ಅದೇ ಬ್ಯಾಂಡಿನ ಸೇವೆ ಮಾಡಸ್ತೆ ಅಂದೆ. ಮರುವಾರವೇ ಒಡೀತ್!”

ಆರು ತಿಂಗಳು ನಾನು ಹುಂಜವನ್ನು ಶಪಿಸಿದ್ದೆ. ಅಪರಾಧಿ ದಿನಾ ನನ್ನ ಕೈಯಿಂದಲೇ ಐಸ್ ಒಯ್ಯುತ್ತಿದ್ದರು!

“ನಾ ಬತ್ತಿಲ್ಲೆ,” ಅಂದೆ.

“ಬರ್ಬೇಡ. ಹರ್ಕಿ ಬಾಕಿ ಆರೆ ಎಂತ ಆತ್ತ್ ಅಂತ ನಿಂಗೂ ಗೊತ್ತಿತ್ತ್.”

ಆ ಸಂಜೆ ಕಂಪ್ರೆಸರ್ ನಿಂತಿತು. ನನಗೆ ಇಂಥದರಲ್ಲಿ ನಂಬಿಕೆ ಇಲ್ಲ. ಆದರೂ ಅವರಿಗೆ ಫೋನ್ ಮಾಡಿ ಬರುತ್ತೇನೆ ಅಂದೆ. ವೇದಿಕೆಯ ಮೇಲೆ ಸದಾ ದೇವರಿಲ್ಲ ಅನ್ನುತ್ತಿದ್ದ ನಮ್ಮ ಗಿಟಾರಿನವ ಸೇವೆಯ ದಿನ ದೇವಸ್ಥಾನಕ್ಕೆ ಎರಡು ಗಂಟೆ ಮೊದಲೇ ಬಂದು ಕೂತಿದ್ದ.

ಹಾಡುವವ ನನ್ನನ್ನು ನೋಡಲಿಲ್ಲ. ನಾನೂ ನೋಡಲಿಲ್ಲ. ಬಂಗುಡೆ ಹಾಡಿನ ಎರಡನೇ ಚರಣದಲ್ಲಿ ಅವನು ಎಂದಿನಂತೆ ಸಾಲು ಮರೆತ. ನನ್ನ ಕೈ ನನ್ನನ್ನು ಕೇಳದೆ ಬಾರಿಸಿ ತುಂಬಿಸಿಬಿಟ್ಟಿತು. ಅವನು ತಿರುಗಿ ನಕ್ಕ. ಹಾಳಾದವನು. ನನಗೆ ನನ್ನ ಬ್ಯಾಂಡು ಬೇಕಿತ್ತು, ಆರು ತಿಂಗಳ ಸಿಟ್ಟೆಲ್ಲ ಅದಕ್ಕೇ.

ಆದರೂ ಬಿಗುಮಾನ ಬಿಡಬೇಕಲ್ಲ! ಪ್ರಸಾದ ಕೊಡಲು ಬಂದ ಅಮ್ಮನಿಗೆ ಅವನೆದುರೇ ಹೇಳಿದೆ: “ಹರ್ಕಿ ತೀರ್ತಲೆ, ಇನ್ ನಿಮ್ ಮಗನ ಮುಖ ನಾ ಕಾಂತಿಲ್ಲೆ.”

ಅವರು ಸೆರಗು ಸರಿಮಾಡಿಕೊಂಡರು. “ಇದೊಂದೇ ಅಲ್ಲ ಮಗಾ. ಶಿರೂರ್ ಬದಿಯಂಗೊಂದ್, ಸಿದ್ದಾಪುರದಂಗೊಂದ್ ಇದೇ ಹರ್ಕಿ ಹೇಳ್ಕಂಡಿದ್ದೆ. ಒಡ್ದದ್ದ್ ಯಾವ ದೇವ್ರ್ ಅಂತ ನಂಗೆಂತ ಗೊತ್ತ್? ಮೂರೂ ತೀರ್ಸ್ಕ್.”

ಒಟ್ಟಿಗಿದ್ದಾಗ ತಿಂಗಳಿಗೊಂದು ಕಾರ್ಯಕ್ರಮ ಸಿಗಲು ಕಾಲಿಗೆ ಬೀಳಬೇಕಿತ್ತು. ಒಡೆದ ಮೇಲೆ ಸಾಲಾಗಿ ಮೂರು!

ಹಾಡುವವ ಆರು ತಿಂಗಳ ನಂತರ ಮೊದಲ ಸಲ ನನ್ನ ಹತ್ತಿರ ಬಾಯಿಬಿಟ್ಟ: “ಪ್ರಾಕ್ಟೀಸ್ ಯಾವಾಗಾ?”

“ಮೊದ್ಲ್ ಆ ಕೋಳಿ ತೆಗಿ,” ಅಂದೆ.